ಬಂಗಾರ ಎಲ್ಲಿದೆ ಎಂದು ಮೊದಲು ಕೇಳೋಣ
(ಹೊಸಪೇಟೆಯಲ್ಲಿ ಜುಮಾ ನಮಾಜಿಗೆ ಮುನ್ನ ಮಾಡಿದ ಭಾಷಣದ ಸಾರಾಂಶ)

 



ಇಂದಿನ ಮಾತನ್ನು ನಮ್ಮದೇ ಒಂದು ತಪ್ಪಿನಿಂದ ಶುರು ಮಾಡುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಮೊಹಲ್ಲಾದ ಒಬ್ಬ ತಾಯಿ ಮಗನನ್ನು ಕರೆದುಕೊಂಡು ನಮ್ಮ ಬಳಿ ಬಂದಿದ್ದರು. ಗಂಡ ತೀರಿಕೊಂಡಿದ್ದರು, ಹೊಲಿಗೆ ಯಂತ್ರದ ಮೇಲೆ ಮನೆ ನಡೆಯುತ್ತಿತ್ತು. ಕೈಯಲ್ಲಿದ್ದ ನಾಲ್ಕು ತೊಲ ಬಂಗಾರದ ಬಳೆ ಮಾರಿ, ಆ ದುಡ್ಡನ್ನು "ಹಲಾಲ್ ಬಂಗಾರದ ವ್ಯಾಪಾರ" ಮಾಡುವ ಒಂದು ಕಂಪನಿಯಲ್ಲಿ ಹಾಕಬೇಕೆಂದಿದ್ದರು. "ಹಜರತ್, ಹಾಕಬಹುದಾ?" ಎಂದು ಕೇಳಿದರು. ಆ ಕಂಪನಿಯ ಹೆಸರು ಇಲ್ಲಿ ಬೇಡ. ಅದರ ಏಜೆಂಟರು ಗಡ್ಡ ಬಿಟ್ಟವರು, ಐದು ಹೊತ್ತು ನಮಾಜು ಮಾಡುವವರು. ನಾವು ಒಂದು ಕಾಗದವನ್ನೂ ಓದಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ದೀನ್‌ದಾರ್ ಜನ, ಬಡ್ಡಿ ಅಲ್ಲ ಅಂತಾರೆ, ಹಾಕಿ ಅಮ್ಮಾ" ಎಂದುಬಿಟ್ಟೆವು. ಹದಿನಾಲ್ಕು ತಿಂಗಳು ದುಡ್ಡು ಬಂತು. ಆಮೇಲೆ ನಿಂತಿತು. ಅಸಲೂ ಹೋಯಿತು.

ಆ ತಾಯಿ ಇವತ್ತಿನವರೆಗೆ ನಮಗೆ ಒಂದು ಮಾತು ಅಂದಿಲ್ಲ. ರಂಜಾನಿನಲ್ಲಿ ಇಫ್ತಾರಿಗೆ ಈಗಲೂ ಅವರ ಮನೆಯಿಂದ ಮಸೀದಿಗೆ ತಟ್ಟೆ ಬರುತ್ತದೆ. ಆ ತಟ್ಟೆ ನೋಡಿದಾಗಲೆಲ್ಲ ನಮಗೆ ನಾಚಿಕೆಯಾಗುತ್ತದೆ. ಅವರ ಒಪ್ಪಿಗೆ ಪಡೆದೇ ಇದನ್ನು ಇಂದು ಹೇಳುತ್ತಿದ್ದೇವೆ.

ಕಳೆದ ತಿಂಗಳು ಅವರ ಮಗ ಬಂದ. ಈಗ ತೋರಣಗಲ್ಲಿನಲ್ಲಿ ಕೆಲಸ. ಫೋನ್ ತೋರಿಸಿ, "ಹಜರತ್, ಗೋಲ್ಡ್ ಫಂಡ್ ಅಂತ ಇದೆ. ತಿಂಗಳಿಗೆ ಸಾವಿರ ರೂಪಾಯಿ ಹಾಕಿದರೆ ತಂಗಿಯ ಮದುವೆ ಹೊತ್ತಿಗೆ ಬಂಗಾರ ಕೂಡುತ್ತದಂತೆ. ಇದೂ ಅದೇನಾ?" ಎಂದ. ಈ ಸಲ ನಾವು ತಕ್ಷಣ ಉತ್ತರ ಕೊಡಲಿಲ್ಲ. "ಸ್ವಲ್ಪ ದಿನ ಕೊಡು ಬೇಟಾ, ಓದಿ ಹೇಳುತ್ತೇವೆ" ಎಂದೆವು. ಗೊತ್ತಿಲ್ಲದ ವಿಷಯದ ಬೆನ್ನು ಹತ್ತಬೇಡಿ, ಕಿವಿ, ಕಣ್ಣು, ಹೃದಯ ಎಲ್ಲದರ ವಿಚಾರಣೆ ಆಗಲಿದೆ ಎಂದು ಸೂರಃ ಬನೀ ಇಸ್ರಾಈಲ್ ನಮ್ಮನ್ನು ಎಚ್ಚರಿಸುತ್ತದೆ. ಆ ಎಚ್ಚರಿಕೆ ಮೊದಲು ಇಮಾಮನಿಗೇ ಅನ್ವಯಿಸುತ್ತದೆ. ಓದಿ, ತಿಳಿದವರನ್ನು ಕೇಳಿ ಅರಿತದ್ದನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇವೆ.

ಸಹೋದರರೇ, ಬಂಗಾರ ನಮ್ಮ ಸೀಮೆಗೆ ಹೊಸದಲ್ಲ. 1443ರಲ್ಲಿ ಹೆರಾತ್‌ನಿಂದ ರಾಯಭಾರಿಯಾಗಿ ಬಂದ ಅಬ್ದುರ್ರಜ್ಜಾಕ್, ವಿಜಯನಗರದ ಪೇಟೆಯಲ್ಲಿ ಮುತ್ತು ರತ್ನಗಳನ್ನು ಬಹಿರಂಗವಾಗಿ ಮಾರುವುದನ್ನು ಕಂಡು ಬರೆದಿಟ್ಟ. ಆಗ ನಮ್ಮವರೂ ಆ ಊರಿನಲ್ಲಿದ್ದರು. ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಇಂದೂ ಹಂಪಿಯಲ್ಲಿ ನಿಂತಿದೆ. ಆ ಕಾಲದ ವರಹ ಸುಮಾರು 3.4 ಗ್ರಾಂ ತೂಗುವ ಬಂಗಾರದ ನಾಣ್ಯ. ಅದನ್ನು ತೆಗೆದುಕೊಳ್ಳುವವನು ರಾಜನ ಮುದ್ರೆ ನೋಡಿ ಸುಮ್ಮನಾಗಬೇಕಿರಲಿಲ್ಲ. ತಕ್ಕಡಿಯಲ್ಲಿ ಇಟ್ಟು ತೂಗಬಹುದಿತ್ತು, ಒರೆಗಲ್ಲಿಗೆ ಹಚ್ಚಿ ನೋಡಬಹುದಿತ್ತು. ಇಂದು ಬಂಗಾರ ಫೋನಿನೊಳಗಿನ ಅಂಕಿಯಾಗಿದೆ. ತಕ್ಕಡಿಯಲ್ಲಿ ಇಡಲಾಗದು, ಕಲ್ಲಿಗೆ ಉಜ್ಜಲಾಗದು. ಹಾಗಾದರೆ ಈ ಅಂಕಿಗೆ ಒರೆಗಲ್ಲು ಯಾವುದು? ಇದೇ ಇಂದಿನ ವಿಷಯ.

ಗೋಲ್ಡ್ ಫಂಡ್ ಎಂದರೇನು?

ಹತ್ತು ಜನ ಕೂಡಿ ದುಡ್ಡು ಹಾಕಿ ಒಂದು ಬಂಗಾರದ ಗಟ್ಟಿ ಕೊಂಡರು ಎನ್ನಿ. ಗಟ್ಟಿಯನ್ನು ನಂಬಿಗಸ್ತನ ತಿಜೋರಿಯಲ್ಲಿ ಇಟ್ಟರು. ಯಾರ ಪಾಲು ಎಷ್ಟು ಎಂದು ಪುಸ್ತಕದಲ್ಲಿ ಬರೆದರು. ಬಂಗಾರದ ದರ ಏರಿದರೆ ಎಲ್ಲರ ಪಾಲಿನ ಬೆಲೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಒಬ್ಬನಿಗೆ ದುಡ್ಡು ಬೇಕಾದರೆ ತನ್ನ ಪಾಲನ್ನು ಅಂದಿನ ದರಕ್ಕೆ ಮಾರಿಕೊಳ್ಳುತ್ತಾನೆ. ಗೋಲ್ಡ್ ಇಟಿಎಫ್‌ನ ತಿರುಳು ಇಷ್ಟೇ. ಭಾರತದಲ್ಲಿ ಇದು ಶುರುವಾದದ್ದು 2007ರಲ್ಲಿ.

ಇಲ್ಲಿ ಮೂರು ಕೈಗಳು ಬೇರೆ ಬೇರೆ ಇರುತ್ತವೆ ಎಂಬುದನ್ನು ಗಮನಿಸಿ. ಫಂಡ್ ನಡೆಸುವ ಕಂಪನಿ ಒಂದು. ಬಂಗಾರವನ್ನು ತಿಜೋರಿಯಲ್ಲಿ ಕಾಯುವ ಸಂಸ್ಥೆ ಇನ್ನೊಂದು, ಅದನ್ನು ಕಸ್ಟೋಡಿಯನ್ ಎನ್ನುತ್ತಾರೆ. ಹೂಡಿಕೆದಾರರ ಪರವಾಗಿ ನಿಗಾ ಇಡುವ ಟ್ರಸ್ಟಿಗಳು ಮತ್ತೊಂದು. ಇವರೆಲ್ಲರ ಮೇಲೆ ಸೆಬಿ ಎಂಬ ಸರ್ಕಾರಿ ನಿಯಂತ್ರಕ. ಬಂಗಾರ ಕನಿಷ್ಠ 99.5 ಶೇಕಡ ಶುದ್ಧ ಇರಬೇಕು. ಫಂಡಿನ ಕನಿಷ್ಠ 95 ಶೇಕಡ ಬಂಗಾರದಲ್ಲಿ ಮತ್ತು ಬಂಗಾರಕ್ಕೆ ಸಂಬಂಧಿಸಿದ ಪತ್ರಗಳಲ್ಲಿ ಇರಬೇಕು. ಎಷ್ಟು ಬಂಗಾರವಿದೆ, ಉಳಿದದ್ದು ಎಲ್ಲಿದೆ ಎಂದು ಪ್ರಕಟಿಸಬೇಕು.

ಇಟಿಎಫ್ ಕೊಳ್ಳಲು ಡಿಮ್ಯಾಟ್ ಖಾತೆ ಬೇಕು. ಷೇರಿನಂತೆಯೇ ಪೇಟೆಯ ಸಮಯದಲ್ಲಿ ಕೊಂಡು ಮಾರಬಹುದು. ಕೆಲವು ಫಂಡ್‌ಗಳಲ್ಲಿ ಒಂದು ಯೂನಿಟ್ ಎಂದರೆ ಒಂದು ಗ್ರಾಂನ ನೂರರಲ್ಲೊಂದು ಭಾಗ. ಆದ್ದರಿಂದ ಸಣ್ಣ ಮೊತ್ತಕ್ಕೂ ಸಿಗುತ್ತದೆ. ಡಿಮ್ಯಾಟ್ ಇಲ್ಲದವರಿಗೆ ಇನ್ನೊಂದು ದಾರಿ ಗೋಲ್ಡ್ ಸೇವಿಂಗ್ಸ್ ಫಂಡ್. ಆ ಹುಡುಗ ತೋರಿಸಿದ್ದು ಅದೇ. ಅದು ನಿಮ್ಮ ದುಡ್ಡು ಪಡೆದು ತಾನೇ ಇಟಿಎಫ್ ಯೂನಿಟ್ ಕೊಳ್ಳುತ್ತದೆ. ತಿಂಗಳಿಗೆ ಇಷ್ಟೆಂದು ಕಟ್ಟಬಹುದು. ಆದರೆ ಎರಡು ಕಡೆ ಖರ್ಚು ಬೀಳುತ್ತದೆ, ಇಟಿಎಫ್‌ನದೊಂದು, ಈ ಫಂಡಿನದೊಂದು.

ಇದರ ಮಿತಿಯನ್ನೂ ಹೇಳಬೇಕು. ನಮ್ಮಂಥ ಸಣ್ಣವರಿಗೆ ಫಂಡಿನಿಂದ ಬಂಗಾರದ ಗಟ್ಟಿ ಕೈಗೆ ಸಿಗುವುದಿಲ್ಲ, ಮಾರಿದರೆ ದುಡ್ಡು ಸಿಗುತ್ತದೆ. ಮಗಳ ಕೊರಳಿಗೆ ಸರ ಬೇಕಾದರೆ ಆ ದುಡ್ಡಿನಿಂದ ಅಂಗಡಿಗೆ ಹೋಗಿಯೇ ಕೊಳ್ಳಬೇಕು. ಕೂಲಿಯನ್ನೂ ತೆರಿಗೆಯನ್ನೂ ಆಗ ಕೊಡಲೇಬೇಕು.

ಒಡವೆಗೂ ಫಂಡಿಗೂ ಲೆಕ್ಕದಲ್ಲಿ ಏನು ವ್ಯತ್ಯಾಸ?

ಒಂದು ಲೆಕ್ಕ ಹಾಕೋಣ. ಐವತ್ತು ಸಾವಿರ ರೂಪಾಯಿಯ ಬಂಗಾರದ ಒಡವೆ ಎನ್ನಿ. ಕೂಲಿ, ವೇಸ್ಟೇಜ್ ಸೇರಿ 12 ಶೇಕಡ ಎಂದಿಟ್ಟುಕೊಂಡರೆ ಆರು ಸಾವಿರ. 56 ಸಾವಿರದ ಮೇಲೆ 3 ಶೇಕಡ ಜಿಎಸ್‌ಟಿ 1,680 ರೂಪಾಯಿ. ಒಟ್ಟು 57,680. ನಾಳೆ ಬೆಳಗ್ಗೆ ಅದೇ ದರಕ್ಕೆ ಮಾರಿದರೂ 7,680 ರೂಪಾಯಿ ಹೋಯಿತು. ಹೆಣ್ಣುಮಕ್ಕಳು ಧರಿಸುವ ಒಡವೆಗೆ ಇದು ಸರಿ, ಧರಿಸಿದ ಸಂತೋಷ ಇದೆ. "ಉಳಿತಾಯ" ಎಂದು ಪೆಟ್ಟಿಗೆಯಲ್ಲಿ ಇಡಲು ಒಡವೆ ಕೊಂಡರೆ ಮಾತ್ರ ಮೊದಲ ದಿನವೇ ನಷ್ಟ. ಫಂಡಿನಲ್ಲಿ ವರ್ಷದ ಖರ್ಚು ಒಂದು ಶೇಕಡ ಎಂದೇ ಹಿಡಿದರೂ ಐವತ್ತು ಸಾವಿರಕ್ಕೆ ಐನೂರು ರೂಪಾಯಿ. ಆದರೆ ಅದು ಪ್ರತಿ ವರ್ಷ ಕಡಿತವಾಗುತ್ತದೆ, ಮರೆಯಬೇಡಿ.

ಇನ್ನೊಂದು ಮಾತು. ಬಂಗಾರ ಯಾವಾಗಲೂ ಏರುತ್ತದೆ ಎಂಬುದು ನಿಜವಲ್ಲ. 2011ರ ಸೆಪ್ಟೆಂಬರ್‌ನಲ್ಲಿ ಲೋಕದ ಪೇಟೆಯಲ್ಲಿ ಒಂದು ಔನ್ಸ್‌ಗೆ ಸುಮಾರು 1,900 ಡಾಲರ್ ಇದ್ದ ದರ 2015ರ ಡಿಸೆಂಬರ್‌ನಲ್ಲಿ 1,050ರ ಆಸುಪಾಸಿಗೆ ಇಳಿದಿತ್ತು. ಹಳೆಯ ಮಟ್ಟ ಮತ್ತೆ ದಾಟಿದ್ದು 2020ರಲ್ಲಿ. ಮುಂದಿನ ವರ್ಷದ ಮದುವೆಗೆ ಬೇಕಾದ ದುಡ್ಡನ್ನು, ಆಸ್ಪತ್ರೆಗೆ ಎತ್ತಿಟ್ಟ ದುಡ್ಡನ್ನು, ಕಂಪ್ಲಿಯ ರೈತನು ಮುಂದಿನ ನಾಟಿಗೆ ಇಟ್ಟುಕೊಂಡ ದುಡ್ಡನ್ನು ಇದರಲ್ಲಿ ಹಾಕಬಾರದು. ಸಾಲ ಮಾಡಿ ಹಾಕುವ ಮಾತಂತೂ ಬೇಡವೇ ಬೇಡ.

ಶರೀಅತ್ ಏನು ಕೇಳುತ್ತದೆ?

ಬಂಗಾರ, ಬೆಳ್ಳಿ, ಗೋಧಿ, ಜವೆಗೋಧಿ, ಖರ್ಜೂರ, ಉಪ್ಪು ಈ ಆರರ ವಿನಿಮಯದ ಬಗ್ಗೆ ಪ್ರವಾದಿ(ಸ)ರು ಕಟ್ಟುನಿಟ್ಟಿನ ನಿಯಮ ಹಾಕಿದ್ದನ್ನು ಉಬಾದಾ ಇಬ್ನ್ ಸಾಮಿತ್(ರ)ರು ವರದಿ ಮಾಡಿದ್ದಾರೆ. ಸಾರಾಂಶ ಇದು: ಅದೇ ವಸ್ತುವಿಗೆ ಅದೇ ವಸ್ತುವಾದರೆ ಸಮಸಮ ಇರಬೇಕು, ಕೈಯಿಂದ ಕೈಗೆ ಆಗಬೇಕು. ವಸ್ತು ಬೇರೆಯಾದರೆ ಪ್ರಮಾಣ ಹೆಚ್ಚು ಕಡಿಮೆ ಇರಬಹುದು, ಆದರೆ ಆಗಲೂ ಕೈಯಿಂದ ಕೈಗೆ.

ಬಿಲಾಲ್(ರ)ರು ಕೆಳದರ್ಜೆಯ ಖರ್ಜೂರ ಎರಡು ಅಳತೆ ಕೊಟ್ಟು ಒಳ್ಳೆಯದನ್ನು ಒಂದು ಅಳತೆ ತಂದಾಗ ಪ್ರವಾದಿ(ಸ)ರು ಅದನ್ನು ಸಾಕ್ಷಾತ್ ಬಡ್ಡಿ ಎಂದು ತಡೆದರು. ನಿನ್ನದನ್ನು ಮಾರಿ, ಆ ಬೆಲೆಯಿಂದ ಒಳ್ಳೆಯದನ್ನು ಕೊಂಡುಕೋ ಎಂದು ದಾರಿ ತೋರಿಸಿದರು. ಹಳೆಯ ಸರ ಕೊಟ್ಟು ಹೊಸ ಸರ "ಎಕ್ಸ್‌ಚೇಂಜ್" ಮಾಡುವಾಗ ನಾವು ಇದನ್ನು ಮರೆಯುತ್ತೇವೆ. ಮೊದಲು ಹಳೆಯದನ್ನು ಮಾರಿ ದುಡ್ಡು ಎಣಿಸಿಕೊಳ್ಳಿ, ಆಮೇಲೆ ಹೊಸದನ್ನು ಕೊಳ್ಳಿ. ಅಂಗಡಿಯವರು ಇದಕ್ಕೆ ಬೇಡ ಅನ್ನುವುದಿಲ್ಲ.

ಖೈಬರ್‌ನ ದಿನ ಫುದಾಲಾ ಇಬ್ನ್ ಉಬೈದ್(ರ)ರು ಮಣಿಗಳಿದ್ದ ಬಂಗಾರದ ಸರವನ್ನು ಹನ್ನೆರಡು ದೀನಾರಿಗೆ ಕೊಂಡರು. ಬಿಡಿಸಿ ನೋಡಿದರೆ ಅದರಲ್ಲಿ ಹನ್ನೆರಡಕ್ಕಿಂತ ಹೆಚ್ಚು ಬಂಗಾರವಿತ್ತು. ಬಿಡಿಸಿ ನೋಡದೆ ಇಂಥದ್ದನ್ನು ಮಾರಬಾರದು ಎಂದು ಪ್ರವಾದಿ(ಸ)ರು ಆಜ್ಞಾಪಿಸಿದರು. ಇದರಲ್ಲಿ ನಮಗೆ ದೊಡ್ಡ ಪಾಠವಿದೆ. ಒಳಗೆ ಏನಿದೆ ಎಂದು ಬಿಡಿಸಿ ನೋಡದೆ ಕೊಳ್ಳಬೇಡಿ. ಸರವಾದರೂ ಅಷ್ಟೇ, ಫಂಡ್ ಆದರೂ ಅಷ್ಟೇ.

ಇಸ್ಲಾಮೀ ಹಣಕಾಸಿಗೆ ಮಾನದಂಡ ರೂಪಿಸುವ ಬಹ್ರೇನಿನ ಅಯೋಫಿ ಸಂಸ್ಥೆ 2016ರಲ್ಲಿ ಬಂಗಾರಕ್ಕೆಂದೇ ಪ್ರತ್ಯೇಕ ಶರೀಅತ್ ಮಾನದಂಡ ಹೊರಡಿಸಿತು, ಅದು 57ನೆಯದು. ಅದರ ಮುಖ್ಯ ಬೇಡಿಕೆಗಳನ್ನು ಸರಳವಾಗಿ ಹೇಳುವುದಾದರೆ: ಬಂಗಾರ ನಿಜವಾಗಿ ಇರಬೇಕು. ಕೊಂಡವನ ಪಾಲು ಗೊತ್ತಿರಬೇಕು. ಕೈಯಲ್ಲಾಗಲಿ ಹಕ್ಕಿನ ರೂಪದಲ್ಲಾಗಲಿ ಅವನ ವಶಕ್ಕೆ ಬರಬೇಕು. ವ್ಯವಹಾರ ಉಧಾರಿ ಆಗಬಾರದು.

ಈಗ ನಮ್ಮ ಮುಂದಿರುವ ದಾರಿಗಳನ್ನು ಈ ಒರೆಗಲ್ಲಿಗೆ ಹಚ್ಚೋಣ.

ಗೋಲ್ಡ್ ಇಟಿಎಫ್‌ನಲ್ಲಿ ತಿಜೋರಿಯಲ್ಲಿ ಬಂಗಾರವಿದೆ, ಪಾಲಿದೆ, ಲೆಕ್ಕವಿದೆ. ಇದು ಸಮಾಧಾನದ ಅಂಶ. ಆದರೆ ಸ್ವಲ್ಪ ಭಾಗವನ್ನು ಬಡ್ಡಿಯ ಪತ್ರಗಳಲ್ಲಿ, ಬ್ಯಾಂಕಿನ ಬಂಗಾರದ ಠೇವಣಿಯಲ್ಲಿ, ಮುಂಗಡ ವಾಯಿದೆ ವ್ಯಾಪಾರದಲ್ಲಿ ಇಡಲು ನಿಯಮ ಅವಕಾಶ ಕೊಡುತ್ತದೆ. ಒಂದು ಫಂಡ್ ಈ ಅವಕಾಶ ಬಳಸಿಕೊಂಡಿರಬಹುದು, ಇನ್ನೊಂದು ಬಹುಪಾಲು ಗಟ್ಟಿ ಬಂಗಾರವನ್ನೇ ಇಟ್ಟಿರಬಹುದು. ಆದ್ದರಿಂದ "ಗೋಲ್ಡ್ ಫಂಡ್ ಹಲಾಲಾ?" ಎಂದು ಒಟ್ಟಾರೆ ಕೇಳಬೇಡಿ. ಆ ಫಂಡಿನ ಲೆಕ್ಕದ ಪತ್ರವನ್ನು ಫೋನಿಗೆ ಇಳಿಸಿಕೊಂಡು, ಅದನ್ನು ತೆಗೆದುಕೊಂಡು ಮುಫ್ತಿಯವರ ಬಳಿ ಹೋಗಿ. ಕಾಗದ ನೋಡಿ ಹೇಳಿದ್ದೇ ಫತ್ವಾ. ಕಾಗದ ನೋಡದೆ ನಾವು ಅಂದು ಹೇಳಿದ್ದು ಬರೀ ಮಾತು.

ಸರ್ಕಾರದ ಸಾವರಿನ್ ಗೋಲ್ಡ್ ಬಾಂಡ್ 2015ರಲ್ಲಿ ಶುರುವಾಯಿತು. 2024ರ ಫೆಬ್ರವರಿಯ ಕಂತೇ ಈವರೆಗಿನ ಕೊನೆಯದು. ಅದರ ಹಿಂದೆ ನಮ್ಮ ಪಾಲಿನ ಬಂಗಾರ ಇರುವುದಿಲ್ಲ, ಸರ್ಕಾರದ ಮಾತು ಇರುತ್ತದೆ. ವರ್ಷಕ್ಕೆ 2.5 ಶೇಕಡ ನಿಗದಿತ ಬಡ್ಡಿಯೂ ಇದೆ. ಈಗಾಗಲೇ ಇಟ್ಟುಕೊಂಡವರು ಬಡ್ಡಿಯ ಭಾಗವನ್ನು ತಮಗೆ ಬಳಸದೆ, ಪುಣ್ಯದ ನಿರೀಕ್ಷೆಯಿಲ್ಲದೆ ಬಡವರಿಗೆ ಕೊಟ್ಟುಬಿಡಲಿ. ಬಾಂಡನ್ನು ಏನು ಮಾಡಬೇಕು ಎಂಬುದನ್ನು ಮುಫ್ತಿಯವರಲ್ಲಿ ಕೇಳಲಿ.

ಆ್ಯಪ್‌ಗಳಲ್ಲಿ ಹತ್ತು ರೂಪಾಯಿಗೂ ಸಿಗುವ "ಡಿಜಿಟಲ್ ಗೋಲ್ಡ್" ಬೇರೆ, ಇಟಿಎಫ್ ಬೇರೆ. ಇಂಥ ಡಿಜಿಟಲ್ ಬಂಗಾರ ತನ್ನ ನಿಯಂತ್ರಣಕ್ಕೆ ಒಳಪಟ್ಟಿಲ್ಲ ಎಂದು ಸೆಬಿಯೇ 2025ರ ನವೆಂಬರ್‌ನಲ್ಲಿ ಜನರನ್ನು ಎಚ್ಚರಿಸಿದೆ. ಹೆಸರು ಒಂದೇ ತರಹ ಕೇಳಿದ ಮಾತ್ರಕ್ಕೆ ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಅಂಗಡಿಗಳ ಹನ್ನೊಂದು ತಿಂಗಳ ಸ್ಕೀಮ್ ನಮ್ಮಲ್ಲಿ ಮನೆಮನೆಗೂ ಗೊತ್ತು. ದುಡ್ಡು ಇವತ್ತು, ಬಂಗಾರ ಮುಂದಿನ ವರ್ಷ ಎಂದರೆ ಅದು ಉಧಾರಿ ವ್ಯವಹಾರ. ಕಟ್ಟಿದ ದುಡ್ಡು ಅಂಗಡಿಯವನ ಮೇಲಿನ ಸಾಲ ಎಂದರೆ, ಕೊನೆಗೆ ಕೊಡುವ ಒಂದು ಕಂತಿನ "ಬೋನಸ್" ಏನು ಎಂಬ ಪ್ರಶ್ನೆ ಬರುತ್ತದೆ. ಇದರ ವಿವರಗಳಲ್ಲಿ ಉಲಮಾಗಳ ನಡುವೆ ಚರ್ಚೆಯಿದೆ. ಲೋಕದ ಮಾತಿನಲ್ಲಿ ಹೇಳುವುದಾದರೆ, ಅಂಗಡಿ ಮುಚ್ಚಿದರೆ ನಿಮ್ಮ ಕೈಯಲ್ಲಿ ಉಳಿಯುವುದು ಒಂದು ಕಾರ್ಡ್ ಮಾತ್ರ. ದುಡ್ಡನ್ನು ನಮ್ಮಲ್ಲೇ ಕೂಡಿಟ್ಟು, ಕೂಡಿದ ದಿನ ಹೋಗಿ ಅಂದಿನ ದರಕ್ಕೆ ಬಂಗಾರವನ್ನೇ ಕೈಗೆ ತೆಗೆದುಕೊಳ್ಳುವುದು ಸುರಕ್ಷಿತ. ಆಗ ಹಾಲ್‌ಮಾರ್ಕ್ ಮತ್ತು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತು ನೋಡಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ತಾಳೆ ಹಾಕಬಹುದು.

"ಹಲಾಲ್" ಎಂಬ ಹಲಗೆಯ ಹಿಂದೆ

ಸಹೋದರರೇ, ಈಗ ನೋವಿನ ಮಾತು. ಬೆಂಗಳೂರಿನಲ್ಲಿ 2006ರಲ್ಲಿ ಶುರುವಾದ ಐ ಮಾನಿಟರಿ ಅಡ್ವೈಸರಿ, ಜನ ಐಎಂಎ ಎನ್ನುತ್ತಿದ್ದ ಸಂಸ್ಥೆ, ಬಂಗಾರದ ವ್ಯಾಪಾರದ ಹೆಸರಿನಲ್ಲಿ, ಹಲಾಲ್ ಲಾಭದ ಹೆಸರಿನಲ್ಲಿ ನಮ್ಮ ಸಮುದಾಯದ ದುಡ್ಡು ತೆಗೆದುಕೊಂಡಿತು. ಮೊತ್ತ ಸುಮಾರು ನಾಲ್ಕು ಸಾವಿರ ಕೋಟಿ ರೂಪಾಯಿ ಎಂದು ವರದಿಯಾಯಿತು. 2019ರ ಜೂನ್‌ನಲ್ಲಿ ಅದರ ಮುಖ್ಯಸ್ಥ ಮನ್ಸೂರ್ ಖಾನ್ ದೇಶ ಬಿಟ್ಟು ಹೋದಾಗ ದೂರು ಕೊಡಲು ಶಿವಾಜಿನಗರದಲ್ಲಿ ಸಾವಿರಾರು ಜನ ಸಾಲು ನಿಂತರು. ಜುಲೈಯಲ್ಲಿ ದೆಹಲಿಗೆ ಮರಳಿದಾಗ ಅವನ ಬಂಧನವಾಯಿತು, ತನಿಖೆ ಸಿಬಿಐಗೆ ಹೋಯಿತು. ದುಡ್ಡು ಹಾಕಿದವರನ್ನು ಕಾಗದದ ಮೇಲೆ "ಪಾಲುದಾರರು" ಎಂದು ಬರೆಯಲಾಗಿತ್ತು. ಎಷ್ಟು ಜನ ಅದನ್ನು ಓದಿ ಸಹಿ ಹಾಕಿದರು? ಅದಕ್ಕೆ ಕೆಲವೇ ತಿಂಗಳ ಮೊದಲು, 2018ರ ಅಕ್ಟೋಬರ್‌ನಲ್ಲಿ, ಹೈದರಾಬಾದಿನ ಹೀರಾ ಗೋಲ್ಡ್ ಸಂಸ್ಥೆಯ ಮುಖ್ಯಸ್ಥೆಯ ಬಂಧನವಾಗಿತ್ತು. ಅದನ್ನು ಕಂಡೂ ನಾವು ಪಾಠ ಕಲಿಯಲಿಲ್ಲ.

ಇಂಥ ಕಡೆಗಳಲ್ಲಿ ತಿಂಗಳಿಗೆ ಎರಡು ಮೂರು ಶೇಕಡ "ಲಾಭ" ಎನ್ನುತ್ತಾರೆ. ಮೂರು ಶೇಕಡ ಎಂದರೆ ವರ್ಷಕ್ಕೆ 36 ಶೇಕಡ. ಬಂಗಾರ ಆಡಲ್ಲ, ಮರಿ ಹಾಕುವುದಿಲ್ಲ. ಹಾಗಾದರೆ ಪ್ರತಿ ತಿಂಗಳು ದುಡ್ಡು ಎಲ್ಲಿಂದ ಬರುತ್ತದೆ? ನೂರು ಜನ ಒಂದೊಂದು ಲಕ್ಷ ಹಾಕಿದರೆ ಒಂದು ಕೋಟಿ. ತಿಂಗಳಿಗೆ ಮೂರು ಲಕ್ಷ ಹಂಚಿದರೆ, ಯಾವ ವ್ಯಾಪಾರವೂ ಇಲ್ಲದೆ 33 ತಿಂಗಳು ನಡೆಯುತ್ತದೆ. ಅಷ್ಟು ದಿನ ಜನ ತಮ್ಮದೇ ದುಡ್ಡನ್ನು ಲಾಭವೆಂದು ತಿನ್ನುತ್ತಾರೆ, ಅಕ್ಕಪಕ್ಕದವರಿಗೆ ಹೇಳುತ್ತಾರೆ, ಅವರನ್ನೂ ಕರೆತರುತ್ತಾರೆ. ಹೊಸಬರ ದುಡ್ಡು ನಿಂತ ದಿನ ಎಲ್ಲ ನಿಲ್ಲುತ್ತದೆ.

ನಿಜವಾದ ಗೋಲ್ಡ್ ಫಂಡ್ ಇಷ್ಟೇ ಲಾಭ ಎಂದು ಮಾತು ಕೊಡುವುದಿಲ್ಲ, ಕೊಡುವಂತೆಯೂ ಇಲ್ಲ. ನೆನಪಿಡಿ, ಲಾಭ ಗ್ಯಾರಂಟಿ ಎಂದರೆ ಒಂದೋ ಬಡ್ಡಿ, ಇಲ್ಲವೇ ಮೋಸ, ಎಷ್ಟೋ ಸಲ ಎರಡೂ.

ಆದ್ದರಿಂದ ಸಂಡೂರಿನಲ್ಲಿ, ಕಂಪ್ಲಿಯಲ್ಲಿ, ನಮ್ಮ ಮೊಹಲ್ಲಾದಲ್ಲಿ ಯಾರೇ ಬಂದು ಬಂಗಾರದ ಯೋಜನೆ ಎಂದರೆ ಐದು ಪ್ರಶ್ನೆ ಕೇಳಿ. ಬಂಗಾರ ಎಲ್ಲಿದೆ, ಯಾರ ಕಾವಲಿನಲ್ಲಿದೆ? ಅದರ ಲೆಕ್ಕ ಪರಿಶೀಲಿಸುವವರು ಯಾರು? ಸೆಬಿಯಲ್ಲಿ ನೋಂದಣಿ ಇದೆಯೇ? ನಷ್ಟವಾದರೆ ಯಾರಿಗೆ? ನಾಳೆಯೇ ನನ್ನ ದುಡ್ಡು ಬೇಕೆಂದರೆ ಹೇಗೆ ಸಿಗುತ್ತದೆ? ಉತ್ತರದ ಬದಲು "ನಂಬಿಕೆ ಇಲ್ಲವಾ ಭಾಯಿ?" ಎಂದರೆ ಸಲಾಂ ಹೇಳಿ ಎದ್ದು ಬನ್ನಿ. ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿ ಇಡಿ ಎಂದು ಕುರ್‌ಆನಿನ ಅತಿ ದೀರ್ಘ ಆಯತ್ ಕಲಿಸುತ್ತದೆ. ಬರೆಸುವುದು ಅಪನಂಬಿಕೆಯಲ್ಲ, ಅದು ದೀನ್. ಅನುಮತಿಯಿಲ್ಲದೆ ಠೇವಣಿ ಸಂಗ್ರಹಿಸುವುದನ್ನು 2019ರ ಕೇಂದ್ರ ಕಾನೂನು ನಿಷೇಧಿಸಿದೆ. ಅಂಥವರ ಬಗ್ಗೆ ರಿಸರ್ವ್ ಬ್ಯಾಂಕಿನ "ಸಚೇತ್" ಜಾಲತಾಣದಲ್ಲೂ ಪೊಲೀಸರಲ್ಲೂ ದೂರು ಕೊಡಬಹುದು. ನಾಚಿಕೆಪಟ್ಟು ಮುಚ್ಚಿಡಬೇಡಿ. ನೀವು ಮುಚ್ಚಿಟ್ಟರೆ ಮುಂದಿನ ಮನೆಯವರು ಬೀಳುತ್ತಾರೆ.

ಎರಡು ಹಕ್ಕುಗಳು

ಮುಗಿಸುವ ಮುನ್ನ ಎರಡು ಹಕ್ಕು ನೆನಪಿಸುತ್ತೇವೆ. ಮೊದಲನೆಯದು ಹೆಣ್ಣುಮಕ್ಕಳದು. ಮೆಹರ್‌ನ ಬಂಗಾರ ಪತ್ನಿಯದು. ಗಂಡ, ಮಾವ, ಮಗ ಯಾರೂ ಅವಳ ಮನಃಪೂರ್ವಕ ಒಪ್ಪಿಗೆಯಿಲ್ಲದೆ ಅದನ್ನು ಮಾರಿ ಫಂಡಿಗೆ ಹಾಕುವಂತಿಲ್ಲ, ಅಡ ಇಡುವಂತಿಲ್ಲ. ಅವಳ ಬಂಗಾರದ ದುಡ್ಡಿನಲ್ಲಿ ಕೊಂಡ ಯೂನಿಟ್ ಅವಳ ಹೆಸರಿನಲ್ಲೇ ಇರಲಿ.

ಎರಡನೆಯದು ಬಡವರದು. ಬಂಗಾರ ಬೆಳ್ಳಿ ಕೂಡಿಟ್ಟು ಅಲ್ಲಾಹನ ಮಾರ್ಗದಲ್ಲಿ ಖರ್ಚು ಮಾಡದವರಿಗೆ ಸೂರಃ ತೌಬಾದಲ್ಲಿ ಕಠಿಣ ಎಚ್ಚರಿಕೆ ಇದೆ. ಬಂಗಾರದ ನಿಸಾಬ್ ಏಳೂವರೆ ತೊಲ, ಅಂದರೆ 87.48 ಗ್ರಾಂ. ಬಂಗಾರದ ಜತೆ ದುಡ್ಡು, ಬೆಳ್ಳಿ ಇದ್ದರೆ ನಮ್ಮ ಹನಫಿ ಉಲಮಾ ಎಲ್ಲವನ್ನೂ ಕೂಡಿಸಿ ಬೆಳ್ಳಿಯ ನಿಸಾಬಿಗೆ, ಅಂದರೆ 612.36 ಗ್ರಾಂ ಬೆಳ್ಳಿಯ ಬೆಲೆಗೆ, ಹೋಲಿಸಲು ಹೇಳುತ್ತಾರೆ. ಧರಿಸುವ ಒಡವೆಗೆ ಝಕಾತ್ ಇದೆಯೇ ಎಂಬುದರಲ್ಲಿ ಮದ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿದೆ, ಹನಫಿಗಳಲ್ಲಿ ಇದೆ. ಆದರೆ ಫಂಡಿನಲ್ಲಿರುವುದು ಒಡವೆಯಲ್ಲ, ಉಳಿತಾಯ. ಝಕಾತಿನ ದಿನ ಅದರ ಬೆಲೆ ನೋಡಿ ಎರಡೂವರೆ ಶೇಕಡ ಕೊಡಬೇಕು. ಫೋನಿನೊಳಗೆ ಇದೆ ಎಂದು ಲೆಕ್ಕದಿಂದ ತಪ್ಪಿಸಿಕೊಳ್ಳಲಾಗದು.

ಆ ಹುಡುಗನ ಕಥೆ ಮುಗಿಸುತ್ತೇವೆ. ಈ ಎಲ್ಲವನ್ನೂ ಅವನಿಗೆ ಹೇಳಿ, ಮೊದಲು ತಾಯಿಗೆ ಕಾಗದ ತೋರಿಸು ಎಂದೆವು. ಅವನು ಓದಿ ಹೇಳುತ್ತಿದ್ದಂತೆ ತಾಯಿ ಕೇಳಿದ ಮೊದಲ ಪ್ರಶ್ನೆ, "ಬಂಗಾರ ಎಲ್ಲಿದೆಯಂತೆ?" ಎರಡನೆಯದು, "ಲೆಕ್ಕ ನೋಡುವವರು ಯಾರಂತೆ?" ನಾಲ್ಕು ತೊಲ ಕಳೆದುಕೊಂಡು ಆಕೆ ಕಲಿತದ್ದನ್ನು ನಾವು ಮಿಂಬರ್‌ನಿಂದ ಕಲಿಸಬೇಕಿತ್ತು. ಈಗ ಅವರು ಪತ್ರ ಹಿಡಿದು ಮುಫ್ತಿಯವರನ್ನು ಕಾಣಲು ಹೋಗುವವರಿದ್ದಾರೆ. ನಾವೂ ಜತೆಗೆ ಹೋಗುತ್ತೇವೆ.

ಯಾ ಅಲ್ಲಾಹ್, ತಿಳಿಯದೆ ಕೊಟ್ಟ ನಮ್ಮ ಸಲಹೆಗಳನ್ನು ಕ್ಷಮಿಸು. ಕಳೆದುಕೊಂಡವರಿಗೆ ಉತ್ತಮವಾದುದನ್ನು ಮರಳಿ ಕೊಡು. ನಮ್ಮ ಸಂಪಾದನೆಯನ್ನು ಶುದ್ಧಗೊಳಿಸು. ಹಲಾಲಿನ ಹೆಸರಿನಲ್ಲಿ ಮೋಸ ಮಾಡುವವರಿಂದ ನಮ್ಮ ಮನೆಗಳನ್ನು ಕಾಪಾಡು. ಆಮೀನ್.